ತಾತನ ಕ್ಷೌರದ ಕತ್ತಿ: ನೀವೇ ಸರಿಮಾಡೋದಾ, ಮಾಡಿಸೋದಾ, ಸುಮ್ನೆ ಇಡೋದಾ?

ಕಳೆದ ವರ್ಷ ಬಸವನಗುಡಿಯ ಹಳೇ ಮನೆಯ ಅಟ್ಟ ಖಾಲಿ ಮಾಡುವಾಗ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಒಳಗೆ ಎರಡು ಇಂಕ್ ಪೆನ್ನು, ಒಂದು ಮುರಿದ ಕನ್ನಡಕ, ಮತ್ತೆ ಎಣ್ಣೆ ಜಿಡ್ಡಿನ ಪಂಚೆ ಚೂರಿನಲ್ಲಿ ಸುತ್ತಿದ ತಾತನ ಕ್ಷೌರದ ಕತ್ತಿ. ಮಡಚುವಂಥದ್ದು. ಅಲಗಿನ ಮೇಲೆ ಅಲ್ಲಲ್ಲಿ ತುಕ್ಕು, ಬುಡದಲ್ಲಿ ಅರ್ಧ ಅಳಿಸಿಹೋದ ಅಕ್ಷರಗಳು: ಷೆಫೀಲ್ಡ್, ಇಂಗ್ಲೆಂಡಿನ ಊರಿನ ಹೆಸರು. ಅವತ್ತು ಭಾನುವಾರ ಬೇರೆ. ಸಂಜೆಯೊಳಗೆ ಫಳಫಳ ಅನ್ನಿಸಿಬಿಡೋಣ ಅಂತ ಕೈ ತುರಿಸಿತು. ಸದ್ಯ, ಮುಟ್ಟಲಿಲ್ಲ.

ಮುಟ್ಟದೇ ಇರಲು ಕಾರಣ ಇದೆ. ಅದಕ್ಕೂ ಮೊದಲು ಚಿಕ್ಕಪ್ಪನ ಕತ್ತಿಯೊಂದನ್ನು ಕೈಯಾರೆ ಹಾಳು ಮಾಡಿದ್ದೆ. ಸಣ್ಣ ತಿರುಗುವ ಮೆಷಿನ್‌ಗೆ ಪಾಲಿಶ್ ಚಕ್ರ ಸಿಕ್ಕಿಸಿಕೊಂಡು ತುಕ್ಕು ತೆಗೆಯಲು ಕೂತೆ. ತುಕ್ಕೇನೋ ಹೋಯಿತು. ಅಲಗಿನ ತುದಿಯಲ್ಲಿ ಒಣಹುಲ್ಲಿನಂಥ ಒಂದು ಹಳದಿ ಬಂತು. ನೋಡನೋಡುತ್ತಲೇ ಅದು ಕಂದುಬಣ್ಣಕ್ಕೆ ತಿರುಗಿತು, ಆಮೇಲೆ ನವಿಲುಗರಿ ನೀಲಿ. ಬಣ್ಣ ಚೆನ್ನಾಗಿದೆಯಲ್ಲ ಅಂದುಕೊಂಡೆ! ಉಕ್ಕಿಗೆ ನೀಲಿ ಬಂತು ಅಂದರೆ ಅದು ಹೆಚ್ಚುಕಮ್ಮಿ 300 ಡಿಗ್ರಿ ಮುಟ್ಟಿತು ಅಂತ ಅರ್ಥ. ಅಷ್ಟು ಬಿಸಿಗೆ ಕತ್ತಿಯ ಹದ ಹೋಗುತ್ತದೆ. ಉಕ್ಕು ಮೆತ್ತಗಾಗುತ್ತದೆ, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಕ್ಷೌರದ ಕತ್ತಿಯ ಬಾಯಿ ಕಾಗದಕ್ಕಿಂತ ತೆಳು, ಬಿಸಿಯಾಗಲು ಎರಡು ಸೆಕೆಂಡ್ ಸಾಕು.

ಹಾಗಾಗಿ ಹೊಸಬರು ಯಾರಾದರೂ ನನ್ನನ್ನು ಕೇಳಿದರೆ ನಾನು ಹೇಳುವುದು ಒಂದೇ. ಹೊಳಪಿನ ಹಿಂದೆ ಬೀಳಬೇಡಿ, ಬಾಯಿ ನೋಡಿ. ಮತ್ತೆ ತಾತನ ಕತ್ತಿಯಿಂದ ಶುರುಮಾಡಬೇಡಿ. ಬೇರೆ ಯಾವುದಾದರೂ ಅಗ್ಗದ ಕತ್ತಿಯ ಮೇಲೆ ಕೈ ಕುದುರಿಸಿಕೊಂಡು ಆಮೇಲೆ ಅದಕ್ಕೆ ಬನ್ನಿ.

ಮೊದಲು ಕತ್ತಿ ಏನು ಹೇಳುತ್ತದೆ ನೋಡಿ

ಯಾವ ದಾರಿ ಹಿಡಿಯಬೇಕು ಅನ್ನುವುದು ನಿಮ್ಮ ಉತ್ಸಾಹಕ್ಕಿಂತ ಕತ್ತಿಯ ಸ್ಥಿತಿಯ ಮೇಲೆ ನಿಂತಿದೆ. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಒಂದು ತಗೊಳ್ಳಿ. ಈ ಇಡೀ ಹುಚ್ಚಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ಸಾಮಾನು ಅದೇ.

ಬಾಯಿಯಲ್ಲಿ ಬಿರುಕು ಇದೆಯಾ ನೋಡಿ. ಕೂದಲಿನಷ್ಟು ಸಣ್ಣದಾದರೂ ಸರಿ, ಬಿರುಕು ಇದ್ದರೆ ಆ ಕತ್ತಿ ಕೆನ್ನೆಗೆ ಲಾಯಕ್ಕಲ್ಲ. ಗೋಡೆಗೆ ಹಾಕಿ. ಮುಕ್ಕು ಬೇರೆ ವಿಷಯ. ಅರ್ಧ ಮಿಲಿಮೀಟರ್ ಮುಕ್ಕಾಗಿದ್ದರೆ ಮಸೆದು ತೆಗೆಯಬಹುದು, ತಾಳ್ಮೆ ಬೇಕು ಅಷ್ಟೇ. ತುಕ್ಕು ಅಲಗಿನ ಮೇಲ್ಭಾಗದಲ್ಲಿ ಇದ್ದರೆ ಅದು ಬರೀ ಚಂದದ ಪ್ರಶ್ನೆ. ಆದರೆ ಬಾಯಿಯಿಂದ ಒಂದೆರಡು ಮಿಲಿಮೀಟರ್ ಒಳಗೇ ಕಪ್ಪು ಗುಳಿಗಳು ಬಿದ್ದಿದ್ದರೆ ಕಷ್ಟ. ಮಸೆಯುತ್ತ ಹೋದ ಹಾಗೆ ಆ ಗುಳಿ ಬಾಯಿಗೇ ಬಂದು ನಿಲ್ಲುತ್ತದೆ, ಗರಗಸದ ಹಲ್ಲಿನ ಹಾಗೆ ಮುಖಕ್ಕೆ ಕಚ್ಚುತ್ತದೆ.

ಆಮೇಲೆ ಆಕಾರ. ಬಾಯಿ ಸ್ವಲ್ಪ ಹೊರಗೆ ಉಬ್ಬಿದ್ದರೆ ಪರವಾಗಿಲ್ಲ, ಹಳೇ ಕತ್ತಿಗಳಲ್ಲಿ ಅದು ಸಹಜ. ನಡುವೆ ಒಳಕ್ಕೆ ಬಾಗಿದ್ದರೆ ಹೊಸಬರ ಕೈಗೆ ಸಿಗದ ಕೆಲಸ. ಕಲ್ಲಿನ ಮೇಲೆ ಇಟ್ಟಾಗ ಎರಡು ತುದಿ ಮಾತ್ರ ತಾಗುತ್ತದೆ, ನಡುಭಾಗ ಗಾಳಿಯಲ್ಲೇ ಇರುತ್ತದೆ. ಅಲಗು ತಿರುಚಿದೆಯಾ ಅಂತ ನೋಡಲು ಕನ್ನಡಿ ಮೇಲೆ ಚಪ್ಪಟೆ ಮಲಗಿಸಿ, ಮೂಲೆಗಳನ್ನು ಮೆಲ್ಲಗೆ ಒತ್ತಿ. ಕುಂಟು ಮಣೆ ಹಾಗೆ ಅಲ್ಲಾಡಬಾರದು. ಬೆನ್ನನ್ನೂ ನೋಡಿ, ಅಂದರೆ ಬಾಯಿಯ ಎದುರಿನ ದಪ್ಪ ಭಾಗ. ಅದು ಒಂದು ಕಡೆ ಜಾಸ್ತಿ ಸವೆದು, ಇನ್ನೊಂದು ಕಡೆ ಹಾಗೇ ಇದ್ದರೆ ಹಿಂದಿನವರು ಅಡ್ಡಾದಿಡ್ಡಿ ಮಸೆದಿದ್ದಾರೆ ಅಂತ ತಿಳಿಯಿರಿ.

ಗಾಂಧಿ ಬಜಾರಿನ ಹತ್ತಿರ ನಾನು ಹೋಗುವ ಕ್ಷೌರದ ಅಂಗಡಿಯ ಯಜಮಾನರಿಗೆ ಎಪ್ಪತ್ತು ದಾಟಿದೆ. ತಾತನ ಕತ್ತಿ ತೋರಿಸಿದೆ. ಅವರು ಕನ್ನಡಕ ಏರಿಸಿ, ಅಲಗು ಬಿಚ್ಚಿ, ಉಗುರಿನಿಂದ ಒಮ್ಮೆ ಮೀಟಿದರು. ಟಿಣ್ ಅಂತು.

"ಶಬ್ದ ಚೆನ್ನಾಗೈತೆ ಸಾರ್. ಒಡೆದಿಲ್ಲ."

"ಯಜಮಾನ್ರೇ, ನೀವೇ ಮಸೆದು ಕೊಡ್ತೀರಾ?"

"ಅಯ್ಯೋ, ಕಲ್ಲು ಮುಟ್ಟಿ ಎಷ್ಟು ವರ್ಷ ಆಯ್ತು. ಈಗೆಲ್ಲ ಬ್ಲೇಡು" ಅಂದರು. ಅನ್ನುತ್ತಲೇ ಕತ್ತಿಯನ್ನು ಎಡ ಅಂಗೈ ಮೇಲೆ ಹಿಂದಕ್ಕೆ ಮುಂದಕ್ಕೆ ನಾಲ್ಕು ಸಲ ಎಳೆದರು. ಬೆನ್ನು ಮುಂದೆ, ಬಾಯಿ ಹಿಂದೆ. ಪ್ರತಿ ಸಲ ಬೆನ್ನಿನ ಮೇಲೇ ಹೊರಳಿಸಿದರು. ತಲೆ ಮರೆತಿದ್ದರೂ ಕೈ ಮರೆತಿರಲಿಲ್ಲ. ನೀವು ಮಾತ್ರ ಅಂಗೈ ಮೇಲೆ ಎಳೆಯಲು ಹೋಗಬೇಡಿ.

ಬೀದಿಯ ಸಾಣೆಯವರಿಗೆ ಕೊಟ್ಟರೆ?

ಇದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಸೈಕಲ್ ಚಕ್ರಕ್ಕೆ ಸಾಣೆ ಕಟ್ಟಿಕೊಂಡು 'ಚಾಕು, ಕತ್ರಿ' ಅಂತ ಕೂಗುತ್ತ ಬರುತ್ತಾರಲ್ಲ, ಅವರು. ಈಳಿಗೆಮಣೆಗೆ, ಮಚ್ಚಿಗೆ, ದರ್ಜಿಯ ಕತ್ತರಿಗೆ ಅವರಷ್ಟು ಒಳ್ಳೆಯವರಿಲ್ಲ. ಕ್ಷೌರದ ಕತ್ತಿಗೆ ಬೇಡ. ಅವರ ತಪ್ಪೇನಿಲ್ಲ. ತಿರುಗುವ ಸಾಣೆ ಒರಟು, ಬಿಸಿ ಹುಟ್ಟಿಸುತ್ತದೆ, ಕೋನವನ್ನು ಕೈಯ ಅಂದಾಜಿನಲ್ಲೇ ಹಿಡಿಯಬೇಕು. ಕ್ಷೌರದ ಕತ್ತಿಯಲ್ಲಿ ಕೋನವನ್ನು ಮಾಡಿದವನೇ ಒಳಗೆ ಇಟ್ಟಿರುತ್ತಾನೆ. ಬೆನ್ನು ಮತ್ತು ಬಾಯಿ ಎರಡನ್ನೂ ಕಲ್ಲಿಗೆ ತಾಗಿಸಿ ಚಪ್ಪಟೆ ಮಲಗಿಸಿದರೆ ಸರಿಯಾದ ಕೋನ ತಾನಾಗಿ ಬರುತ್ತದೆ, ಹೆಚ್ಚುಕಮ್ಮಿ 16ರಿಂದ 18 ಡಿಗ್ರಿ. ಎಂಥಾ ಬುದ್ಧಿವಂತಿಕೆ ನೋಡಿ! ಸಾಣೆ ಚಕ್ರಕ್ಕೆ ಒಡ್ಡಿದರೆ ಆ ಲೆಕ್ಕವೆಲ್ಲ ಒಂದೇ ನಿಮಿಷದಲ್ಲಿ ಹೋಯಿತು.

ಹಾರ್ಡ್‌ವೇರ್ ಅಂಗಡಿಯ ಕಪ್ಪು ಕಾರ್ಬೊರಂಡಮ್ ಕಲ್ಲಿಗೂ ಇದೇ ಮಾತು. ಅದು ಕೊಡಲಿ ಕುಡುಗೋಲಿನ ಕಲ್ಲು.

ಬಲ್ಲವರಿಗೆ ಕಳಿಸುವುದು

ಇದನ್ನೇ ಹವ್ಯಾಸ ಮಾಡಿಕೊಂಡವರು ನಮ್ಮಲ್ಲೂ ಇದ್ದಾರೆ. ಕೊರಿಯರ್‌ನಲ್ಲಿ ಕಳಿಸಿದರೆ ಮಸೆದು ವಾಪಸ್ ಕಳಿಸುತ್ತಾರೆ. ನಿಮ್ಮ ಹತ್ತಿರ ಇರುವುದು ಒಂದೇ ಕತ್ತಿ, ಅದು ಮನೆ ಹಿರಿಯರದು, ಬಿರುಕಿಲ್ಲ, ಗುಳಿ ಇಲ್ಲ ಅಂದರೆ ನನ್ನ ವೋಟು ಇದಕ್ಕೇ. ಕಲ್ಲುಗಳಿಗೆ ಹಾಕುವ ದುಡ್ಡಿಗಿಂತ ಒಂದು ಸಲ ಮಸೆಸುವ ಕೂಲಿ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ನಿಜವಾದ ಹರಿತ ಅಂದರೆ ಹೇಗಿರುತ್ತದೆ ಅಂತ ನಿಮ್ಮ ಕೆನ್ನೆಗೆ ಗೊತ್ತಾಗುತ್ತದೆ. ಅದು ಗೊತ್ತಿಲ್ಲದೆ ಮಸೆಯಲು ಕೂತರೆ ಎಲ್ಲಿ ನಿಲ್ಲಿಸಬೇಕು ಅನ್ನುವುದೇ ತಿಳಿಯುವುದಿಲ್ಲ.

ಕೊಡುವ ಮೊದಲು ಎರಡು ಪ್ರಶ್ನೆ ಕೇಳಿ. ಮೆಷಿನ್ ಬಳಸುತ್ತೀರಾ? ಕೊನೆಗೆ ಯಾವ ಕಲ್ಲಿನ ಮೇಲೆ ಮುಗಿಸುತ್ತೀರಾ? ಮೊದಲನೆಯದಕ್ಕೆ 'ಹೌದು' ಅಂದರೆ, ಇಲ್ಲವೇ ಎರಡನೆಯದಕ್ಕೆ '1000' ಅಂದರೆ, ನಮಸ್ಕಾರ ಹೇಳಿ ಬನ್ನಿ. ಈ ಅಂಕಿ ಕಲ್ಲಿನ ಕಣ ಎಷ್ಟು ಸಣ್ಣದು ಅಂತ ಹೇಳುತ್ತದೆ, ಅಂಕಿ ದೊಡ್ಡದಾದಷ್ಟೂ ಕಲ್ಲು ನಯ. ಮುಖಕ್ಕೆ ಹಿತವಾಗಬೇಕಾದರೆ ಕಡಿಮೆ ಅಂದರೂ 8000ದ ಕಲ್ಲಿನ ತನಕ ಹೋಗಬೇಕು. 12000ಕ್ಕೆ ಹೋದರೆ ಇನ್ನೂ ನಯ.

ಅರ್ಧ ಬ್ಲೇಡಿನ ಕತ್ತಿ

ಕೆಲವರಿಗೆ ಹಳೇ ಸಾಮಾನಿನ ಮೇಲೇನೂ ಮೋಹ ಇಲ್ಲ, ಬಿಚ್ಚುಕತ್ತಿಯಲ್ಲಿ ಶೇವ್ ಮಾಡಿಕೊಳ್ಳುವ ಆಸೆ ಅಷ್ಟೇ. ಅವರು ಈ ಲೇಖನದ ಮುಕ್ಕಾಲು ಭಾಗ ಬಿಟ್ಟುಬಿಡಬಹುದು. ಸಲೂನಿನಲ್ಲಿ ಬಳಸುತ್ತಾರಲ್ಲ, ಬ್ಲೇಡನ್ನು ಉದ್ದಕ್ಕೆ ಮುರಿದು ಅರ್ಧ ಸಿಕ್ಕಿಸುವ ಕತ್ತಿ, ಅದು ಸಾಕು. ಮಸೆಯುವ ರಗಳೆ ಇಲ್ಲ, ಶೇವಿಗೆ ಮೊದಲು ತೊಗಲಿನ ಪಟ್ಟಿಗೆ ತೀಡುವ ರಗಳೆ ಇಲ್ಲ. ಆದರೆ ಇದರಲ್ಲಿ ಕಲಿತರೆ ಅದರಲ್ಲೂ ಕಲಿತ ಹಾಗೆ ಅಂತ ತಿಳಿಯಬೇಡಿ. ಬ್ಲೇಡಿನ ಕತ್ತಿ ಹಗುರ, ತುದಿ ಚೂಪು, ಕೈ ತಪ್ಪಿದರೆ ಕ್ಷಮೆಯೇ ಇಲ್ಲ. ಹಳೇ ಕತ್ತಿಗೆ ತೂಕ ಇದೆ, ಅದು ತಾನೇ ಇಳಿದುಕೊಂಡು ಹೋಗುತ್ತದೆ. ಎರಡರ ನಡೆಯೇ ಬೇರೆ.

ನೀವೇ ಮಾಡುವುದಾದರೆ: ಯಾವ ಕತ್ತಿ?

ಅಭ್ಯಾಸಕ್ಕೆ ಒಂದು ಕತ್ತಿ ಬೇಕು. ಚೀನಾದ ಗೋಲ್ಡ್ ಡಾಲರ್ ಥರದ ಹೊಸ ಅಗ್ಗದ ಕತ್ತಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಇಲ್ಲವೇ ಭಾನುವಾರ ಬೆಳಗ್ಗೆ ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ ಹಳೇದು ಹುಡುಕಬಹುದು. ಅಗ್ಗದ ಹೊಸದರಲ್ಲಿ ತುಕ್ಕು ಇರುವುದಿಲ್ಲ, ಉಕ್ಕೂ ಮೋಸವಿಲ್ಲ, ಆದರೆ ಬೆನ್ನು ಬಾಯಿ ಒರಟಾಗಿ ತಿದ್ದಿರುತ್ತಾರೆ. ಮೊದಲ ಮಸೆತಕ್ಕೆ ಬೆವರು ಸುರಿಸಬೇಕು. ಹಳೇದರಲ್ಲಿ ತಯಾರಿ ಚೆನ್ನ, ಸ್ಥಿತಿ ಲಾಟರಿ.

ಬಜಾರಿನಲ್ಲಿ ಬುಡದ ಅಚ್ಚು ಓದಿ. ಇಂಗ್ಲೆಂಡಿನ ಷೆಫೀಲ್ಡ್, ಜರ್ಮನಿಯ ಸೋಲಿಂಗೆನ್, ಸ್ವೀಡನ್ನಿನ ಎಸ್ಕಿಲ್‌ಸ್ಟೂನಾ, ಈ ಊರ ಹೆಸರುಗಳಲ್ಲಿ ಒಂದಿದ್ದರೆ ಕೈಗೆತ್ತಿಕೊಳ್ಳಲು ಅಡ್ಡಿಯಿಲ್ಲ. ಜೋಸೆಫ್ ರಾಜರ್ಸ್, ವೇಡ್ ಅಂಡ್ ಬುಚರ್ ಷೆಫೀಲ್ಡಿನವು. ಪೂಮಾ, ಡೋವೊ ಸೋಲಿಂಗೆನ್‌ನವು. ವಯಸ್ಸಿಗೂ ಒಂದು ಸುಳಿವು ಇದೆ. ಹೊರಗಿನ ಮಾಲಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಅಮೆರಿಕ 1890ರಲ್ಲಿ ಕಾನೂನು ತಂದಿತು. ಹಾಗಾಗಿ 'ಇಂಗ್ಲೆಂಡ್' ಅಥವಾ 'ಜರ್ಮನಿ' ಅಂತ ಅಚ್ಚಿದ್ದರೆ ಸಾಮಾನ್ಯವಾಗಿ ಅದರ ಆಚೀಚಿನದು ಅಥವಾ ನಂತರದ್ದು. ಅಕ್ಷರಗಳೇ ಇಲ್ಲದೆ, ಕನ್ನಡಿ ಹಾಗೆ ಹೊಳೆಯುವ ಸ್ಟೀಲು, ಹಿಡಿ ಮೇಲೆ ಹುಲಿ ಸಿಂಹದ ಚಿತ್ರ ಇದ್ದರೆ ಅದು ಶೋಕೇಸಿನ ವಸ್ತು. ಅದರಲ್ಲಿ ಬೆಣ್ಣೆ ಕೂಡ ಕುಯ್ಯಲಾಗದು.

ಷೆಫೀಲ್ಡ್ ಅಂದಾಗ ನಮ್ಮ ಕಡೆಯ ಒಂದು ಮಾತು ನೆನಪಾಗುತ್ತದೆ. ದಕ್ಷಿಣ ಭಾರತದ ಹಳೇ ಉಕ್ಕನ್ನು ಯುರೋಪಿನವರು 'ವುಟ್ಜ್' ಅಂತ ಕರೆದರು. ಅದು ನಮ್ಮ 'ಉಕ್ಕು' ಪದವೇ ಅವರ ಬಾಯಲ್ಲಿ ಹಾಗಾಗಿದ್ದು ಅನ್ನುವವರು ಬಹಳ ಜನ. 1820ರ ಸುಮಾರಿಗೆ ಮೈಕೆಲ್ ಫ್ಯಾರಡೆ, ಸ್ಟೊಡಾರ್ಟ್ ಎಂಬ ಲಂಡನ್ನಿನ ಚಾಕು ತಯಾರಕನ ಜತೆ ಸೇರಿ ಈ ಉಕ್ಕನ್ನು ಪರೀಕ್ಷೆ ಮಾಡಿದ. ಆಮೇಲೆ ತಾನೇ ಹೊಸ ಮಿಶ್ರಣಗಳ ಉಕ್ಕು ಕಾಯಿಸಿ, ಅದರಿಂದ ಮಾಡಿಸಿದ ಕ್ಷೌರದ ಕತ್ತಿಗಳನ್ನು ಸ್ನೇಹಿತರಿಗೆ ಉಡುಗೊರೆ ಕೊಟ್ಟ. ಕರೆಂಟಿನ ಫ್ಯಾರಡೆಯೇ, ಬೇರೆಯವನಲ್ಲ.

ಅಲಗಿನ ಅಗಲದ ಲೆಕ್ಕ ಇಂಚಿನ ಎಂಟನೇ ಭಾಗದಲ್ಲಿ. 5/8 ಅಥವಾ 6/8 ಹೊಸಬರಿಗೆ ಸರಿ. 5/8 ಅಂದರೆ ಸುಮಾರು 16 ಮಿಲಿಮೀಟರ್. ಮೂಗಿನ ಕೆಳಗೂ ಓಡಾಡುತ್ತದೆ, ಕೈಗೂ ಭಾರವಲ್ಲ. 8/8ರಂಥ ದೊಡ್ಡವು ನೋಡಲು ಗಂಭೀರ, ಆದರೆ ಕಲಿಯುವವನಿಗೆ ಸುಮ್ನೆ ತೊಂದರೆ. ತುದಿ ದುಂಡಗೆ ಇರಲಿ. ಚೌಕ ತುದಿಯ ಮೂಲೆ ಕಿವಿ ಹತ್ತಿರ ಚುಚ್ಚುತ್ತದೆ.

ತುಕ್ಕು: ಅಮ್ಮನ ಹುಣಸೆಹಣ್ಣಾ, ಜೆ.ಸಿ. ರೋಡಿನ ಕಾಗದವಾ?

ತುಕ್ಕು ಅಂದ ಕೂಡಲೇ ಅಮ್ಮ ಹೇಳಿದ್ದು, "ಹುಣಸೆಹಣ್ಣು ಹಾಕಿ ಉಜ್ಜೋ, ದೀಪದ ಕಂಬ ಹೊಳಿಯಲ್ವಾ?" ಹಿತ್ತಾಳೆಗೆ ಅದು ಸರಿ. ಈ ಕತ್ತಿಗಳು ಸ್ಟೇನ್‌ಲೆಸ್ ಅಲ್ಲ, ಕಾರ್ಬನ್ ಉಕ್ಕು. ಹುಣಸೆಹಣ್ಣು, ನಿಂಬೆಹಣ್ಣು, ವಿನೆಗರ್ ಎಲ್ಲವೂ ಹುಳಿ. ಹುಳಿಗೆ ತುಕ್ಕು ಯಾವುದು ಉಕ್ಕು ಯಾವುದು ಅಂತ ಭೇದವಿಲ್ಲ, ಎರಡನ್ನೂ ತಿನ್ನುತ್ತದೆ. ಅಲಗು ಬೂದುಬಣ್ಣಕ್ಕೆ ತಿರುಗುತ್ತದೆ, ಅಲಗಿನ ಮೇಲಿನ ಚಿನ್ನದ ಬಣ್ಣದ ಬರಹ ಅಳಿಸಿಹೋಗುತ್ತದೆ. ವಿನೆಗರಿನಲ್ಲಿ ರಾತ್ರಿಯಿಡೀ ನೆನೆಸಿಟ್ಟವರ ಕತ್ತಿ ನೋಡಿದ್ದೇನೆ, ಸಿಡುಬಿನ ಮುಖದ ಹಾಗಿತ್ತು.

ನನಗೆ ಒಗ್ಗಿದ್ದು ಎಣ್ಣೆ ಮತ್ತು ಕಾಗದ. ಮೊದಲು ಕೆಲಸ ಮಾಡುವಾಗ ಕೈ ಕುಯ್ಯದಿರಲು ಬಾಯಿಗೆ ಇನ್ಸುಲೇಷನ್ ಟೇಪ್ ಅಂಟಿಸಿ. ತುಕ್ಕಿನ ಮೇಲೆ ಹೊಲಿಗೆ ಮೆಷಿನ್ ಎಣ್ಣೆ ಅಥವಾ ಡಬ್ಲ್ಯುಡಿ-40 ಹಾಕಿ ಒಂದು ದಿನ ಬಿಡಿ. ಆಮೇಲೆ ನೀರಿಗೂ ಆಗುವ ಉಪ್ಪುಕಾಗದ. ಜೆ.ಸಿ. ರೋಡಿನಲ್ಲಿ ಕಾರಿಗೆ ಪೇಂಟ್ ಮಾಡುವವರಿಗೆ ಮಾರುವ ಅಂಗಡಿಗಳಲ್ಲಿ 400ರಿಂದ 2000ದವರೆಗೆ ಬಿಡಿಯಾಗಿ ಸಿಗುತ್ತದೆ. ಎಲ್ಲರೂ ಒರಟಿನಿಂದ ಶುರುಮಾಡುತ್ತಾರೆ. ನೀವು ಉಲ್ಟಾ ಮಾಡಿ. ಮೊದಲು 2000 ಹಾಕಿ ನೋಡಿ. ಅದರಲ್ಲೇ ಹೋದರೆ ಮುಗಿಯಿತು. ಹೋಗದಿದ್ದರೆ ಮಾತ್ರ 1000, ಅದಕ್ಕೂ ಬಗ್ಗದಿದ್ದರೆ 600. ಯಾಕೆಂದರೆ 400 ಎಳೆದ ಗೀರನ್ನು ಅಳಿಸಲು ಮತ್ತೆ ಮೂರು ಕಾಗದ ಬೇಕು. ಅಲಗನ್ನು ಮರದ ತುಂಡಿನ ಮೇಲೆ ಚಪ್ಪಟೆ ಇಟ್ಟು, ಉದ್ದಕ್ಕೆ ಉಜ್ಜಿ. ಬಾಯಿಗೆ ಎದುರಾಗಿ ಕೈ ಎಂದೂ ಹೋಗಬಾರದು. ಬುಡದ ಅಚ್ಚಿನ ಮೇಲೆ ಕಾಗದ ಹಾಕಬೇಡಿ, ಅಲ್ಲಿ ಬ್ರಾಸೋ ಹಚ್ಚಿದ ಬಟ್ಟೆ ಸಾಕು.

ಕೆಂಪು ತುಕ್ಕು ಹೋಗಬೇಕು. ಅದು ಇನ್ನೂ ಜೀವಂತ, ತಿನ್ನುತ್ತಲೇ ಇರುತ್ತದೆ. ಕಪ್ಪು ಕಲೆ ಗಟ್ಟಿಯಾಗಿ ಕೂತಿದ್ದರೆ ಇರಲಿ ಬಿಡಿ. ಅದನ್ನು ತೆಗೆಯಲು ಹೋಗಿ ಅಲಗನ್ನೇ ತೆಳು ಮಾಡಬೇಡಿ. ತಾತನ ಕತ್ತಿಯ ಮೇಲೆ ಹೆಬ್ಬೆರಳಿನಷ್ಟು ಒಂದು ಕಪ್ಪು ಮಚ್ಚೆ ಇದೆ. ಹಾಗೇ ಇದೆ.

ಇನ್ನೊಂದು ಮಾತು, ಇದು ಯಾರದ್ದೋ ರಕ್ತ ಕಂಡ ಸಾಮಾನು. ಬಜಾರಿನಿಂದ ತಂದದ್ದಾದರೆ ಸೋಪಿನಲ್ಲಿ ತೊಳೆದು, ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಚೆನ್ನಾಗಿ ಒರೆಸಿ. ಕುದಿಯುವ ನೀರಿಗೆ ಹಾಕಬೇಡಿ, ಹಿಡಿ ಸೊಟ್ಟಗಾಗುತ್ತದೆ. ಮನೆಯಲ್ಲಿ ಇಬ್ಬರು ಒಂದೇ ಕತ್ತಿ ಹಂಚಿಕೊಳ್ಳುವುದೂ ಬೇಡ.

ಹಿಡಿ ಬದಲಿಸಬೇಕಾ?

ಬೇಡ. ಹಿಡಿಯನ್ನು ಹಿತ್ತಾಳೆ ಪಿನ್ನು ಬಡಿದು ಕೂರಿಸಿರುತ್ತಾರೆ. ಅದನ್ನು ಬಿಚ್ಚಿ ಮತ್ತೆ ಬಡಿಯುವುದು ಬೇರೆಯೇ ವಿದ್ಯೆ. ಅಲ್ಲಾಡುತ್ತಿದ್ದರೆ ಪಿನ್ನಿನ ತಲೆಗೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ನಾಲ್ಕು ಪೆಟ್ಟು, ಅಷ್ಟೇ.

ಒಂದೇ ಒಂದು ಸಂದರ್ಭದಲ್ಲಿ ಬದಲಿಸಲೇಬೇಕು. ಹಿಡಿಯನ್ನು ಬಟ್ಟೆಯಿಂದ ಜೋರಾಗಿ ಉಜ್ಜಿ ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್, ಹಳೇ ಕಾಲದ ಪ್ಲಾಸ್ಟಿಕ್. ಅದನ್ನು ಕರ್ಪೂರ ಸೇರಿಸಿಯೇ ಮಾಡುತ್ತಿದ್ದರು. ಚೆನ್ನಾಗಿದ್ದರೆ ನೂರು ವರ್ಷ ಬಾಳುತ್ತದೆ. ಕೊಳೆಯಲು ಶುರುವಾದರೆ ಮಾತ್ರ ಆಮ್ಲದ ಹೊಗೆ ಬಿಡುತ್ತದೆ, ಆ ಹೊಗೆಗೆ ಅಲಗು ತುಕ್ಕು ಹಿಡಿಯುತ್ತದೆ. ಹಿಡಿಯೊಳಗೆ ಮುಚ್ಚಿಕೊಳ್ಳುವ ಭಾಗಕ್ಕೆ ಮಾತ್ರ ಕೆಂಪು ಬಂದಿದ್ದು, ಮೂಗಿಗೆ ಘಾಟು ಹೊಡೆದರೆ ಅದೇ ರೋಗ. ಎಷ್ಟು ತಿಕ್ಕಿದರೂ ತಿಂಗಳಲ್ಲಿ ತುಕ್ಕು ವಾಪಸ್. ಅಂಥದ್ದನ್ನು ಬೇರೆ ಕತ್ತಿಗಳ ಜತೆ ಒಂದೇ ಡಬ್ಬಿಯಲ್ಲಿ ಇಡಬೇಡಿ, ಅವುಗಳಿಗೂ ಅಂಟುತ್ತದೆ. ಬೆಂಕಿಯಿಂದಲೂ ದೂರ, ಸೆಲ್ಯುಲಾಯ್ಡ್ ಭಗ್ಗನೆ ಹೊತ್ತುತ್ತದೆ.

ದಂತದ ಹಿಡಿ ಅಂತ ಯಾರಾದರೂ ಹೆಮ್ಮೆಯಿಂದ ಮಾರಲು ಬಂದರೆ ಕೈ ಮುಗಿದು ಹೊರಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ತಿದ್ದುಪಡಿಗಳ ಪ್ರಕಾರ ಆನೆದಂತದ ವ್ಯಾಪಾರ ನಿಷಿದ್ಧ.

ಕಲ್ಲಾ, ಫಿಲ್ಮಾ?

ಇಲ್ಲಿ ಆತುರ ಬೇಡ, ದುಡ್ಡು ಹೋಗುವುದೂ ಇಲ್ಲೇ, ಕತ್ತಿ ಬದುಕುವುದೂ ಇಲ್ಲೇ.

ನೀರಿನ ಕಲ್ಲು ಅಂದರೆ ಜಪಾನಿನ ಕಿಂಗ್, ನಾನಿವಾ, ಅಮೆರಿಕದ ನಾರ್ಟನ್ ಥರದವು. 1000ದಲ್ಲಿ ಬಾಯಿಯ ಆಕಾರ ಕೂರಿಸಬೇಕು, 4000 ಅಥವಾ 5000ದಲ್ಲಿ ಗೀರು ತೆಗೆಯಬೇಕು, 8000ದಲ್ಲಿ ಹರಿತ, ಆಸೆ ಇದ್ದರೆ 12000ದಲ್ಲಿ ನಯ. ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತದೆ, ಅಡುಗೆಮನೆ ಚಾಕುವಿಗೂ ಆಗುತ್ತದೆ. ಆದರೆ ಪೂರ್ತಿ ಸೆಟ್ ಅಂದರೆ ಜೇಬು ಹಗುರ. ಕಲ್ಲು ನಡುವೆ ಸವೆದು ಹಳ್ಳ ಬೀಳುತ್ತದೆ, ಆಗಾಗ ಸಮ ಮಾಡಬೇಕು. ಹಳ್ಳ ಬಿದ್ದ ಕಲ್ಲಿನ ಮೇಲೆ ಮಸೆದರೆ ಬಾಯಿಯೂ ಹಾಗೇ ಸೊಟ್ಟ.

ಲ್ಯಾಪಿಂಗ್ ಫಿಲ್ಮ್ ಅಂದರೆ ಪ್ಲಾಸ್ಟಿಕ್ ಹಾಳೆಯ ಮೇಲೆ ಒಂದೇ ಅಳತೆಯ ಮಸೆಯುವ ಪುಡಿ ಕೂರಿಸಿದ್ದು. 3ಎಂ ಕಂಪನಿಯದು ಹೆಸರುವಾಸಿ. 12, 9, 5, 3, 1 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಅಂತ ಇಳಿಯುತ್ತ ಹೋಗುತ್ತೀರಿ, ಇಲ್ಲಿ ಅಂಕಿ ಸಣ್ಣದಾದಷ್ಟೂ ನಯ. 1 ಮೈಕ್ರಾನಿನಲ್ಲಿ ಮುಗಿಸಿದ ಬಾಯಿ ದುಬಾರಿ ಕಲ್ಲಿನ ಬಾಯಿಗೆ ಏನೂ ಕಡಿಮೆ ಇಲ್ಲ. ಹಾಳೆಗಳಿಗೆ ಕಲ್ಲಿನ ದುಡ್ಡಿನ ಸಣ್ಣ ಪಾಲು ಸಾಕು. ಸಮ ಮಾಡುವ ಕೆಲಸವೂ ಇಲ್ಲ. ಕೆಳಗೆ ದಪ್ಪ ಗಾಜು ಬೇಕು, ಅಥವಾ ಅಡುಗೆಮನೆ ಕಟ್ಟೆಗೆ ಹಾಕಿ ಉಳಿದ ಪಾಲಿಶ್ ಗ್ರಾನೈಟ್ ತುಂಡು. ಬೆಂಗಳೂರಿನಲ್ಲಿ ಅದಕ್ಕೇನು ಬರ, ಜಿಗಣಿಯಿಂದ ಬಂದ ಚೂರುಗಳು ಪ್ರತಿ ಗ್ರಾನೈಟ್ ಅಂಗಡಿ ಮುಂದೆ ಬಿದ್ದಿರುತ್ತವೆ. ನೀರು ಚಿಮುಕಿಸಿ ಹಾಳೆ ಅಂಟಿಸಿದರೆ ಆಯಿತು. ತೊಂದರೆ ಅಂದರೆ, ಅಂಚು ಸ್ವಲ್ಪ ಎದ್ದಿದ್ದರೂ ಕತ್ತಿ ಅದನ್ನು ಸರ್ರನೆ ಕುಯ್ದುಬಿಡುತ್ತದೆ. ಹಾಳೆ ಬೇಗ ಸವೆಯುತ್ತದೆ ಕೂಡ. ಹತ್ತು ಕತ್ತಿ ಮಾಡುವವರಿಗೆ ಕಲ್ಲೇ ಅಗ್ಗ ಬೀಳುತ್ತದೆ.

ನನ್ನ ಲೆಕ್ಕ ಇದು. 1000ದ ಕಲ್ಲು ಒಂದು ಮಾತ್ರ ಕೊಳ್ಳಿ, ಮೇಲಿನದೆಲ್ಲ ಫಿಲ್ಮ್‌ನಲ್ಲಿ ಮುಗಿಸಿ. ಯಾಕೆಂದರೆ ಕೆಲಸದ ಮುಕ್ಕಾಲು ಭಾಗ 1000ದಲ್ಲೇ ಇದೆ. ಹೊಸಬರ ಹತ್ತರಲ್ಲಿ ಒಂಬತ್ತು ಸೋಲು, '8000 ಹಾಕಿದರೂ ಹರಿತ ಬರ್ತಿಲ್ಲ' ಅನ್ನುವ ಗೋಳು, 1000ದಲ್ಲಿ ಅವಸರ ಮಾಡಿದ್ದರಿಂದ ಬಂದದ್ದು ಅಂತ ನನ್ನ ಅನಿಸಿಕೆ. ನನ್ನ ಮೊದಲ ಕತ್ತಿ ಅಲ್ಲೇ ಎರಡು ಸಂಜೆ ತಿಂದಿತು.

ಮಸೆಯುವ ಮೊದಲು ಬೆನ್ನಿಗೆ ಒಂದು ಸುತ್ತು ಇನ್ಸುಲೇಷನ್ ಟೇಪ್ ಹಾಕಿ, ಬೆನ್ನು ಸವೆಯುವುದಿಲ್ಲ. ಟೇಪ್ ಹರಿದಾಗ ಬದಲಿಸಿ, ಮತ್ತೆ ಒಂದೇ ಸುತ್ತು. ಒಮ್ಮೆ ಒಂದು, ಇನ್ನೊಮ್ಮೆ ಎರಡು ಸುತ್ತಿದರೆ ಕೋನ ಬದಲಾಗುತ್ತದೆ. ಬಾಯಿಯ ಅಂಚಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿಯಿರಿ. ಕಲ್ಲಿನ ಮೇಲೆ ನಾಲ್ಕು ಸಲ ಎಳೆದು ನೋಡಿ. ಬಣ್ಣ ಎಲ್ಲಿ ಉಳಿದಿದೆಯೋ ಅಲ್ಲಿ ಕಲ್ಲು ತಾಗುತ್ತಿಲ್ಲ. ಒತ್ತಬೇಡಿ. ಒತ್ತಿದರೆ ತೆಳು ಅಲಗು ಬಾಗಿ, ಬಾಯಿ ಮೇಲಕ್ಕೆ ಏಳುತ್ತದೆ. ಮಗುವಿನ ಬೆನ್ನು ಸವರುವಷ್ಟು ಭಾರ ಸಾಕು.

1000 ಮುಗಿಯಿತು ಅಂತ ಗೊತ್ತಾಗುವುದು ಹೇಗೆ? ರಾತ್ರಿ ಟೇಬಲ್ ದೀಪದ ಕೆಳಗೆ ಕೂತು, ಬಾಯಿಯನ್ನು ಮೇಲೆ ಮಾಡಿ ಹಿಡಿದು, ಭೂತಗನ್ನಡಿಯಲ್ಲಿ ನೇರ ಬಾಯಿಯನ್ನೇ ನೋಡಿ. ಹೊಳೆಯುತ್ತಿದ್ದರೆ ಖುಷಿಪಡಬೇಡಿ. ಹೊಳೆಯುವ ಚುಕ್ಕೆ ಅಂದರೆ ಅಲ್ಲಿ ಬಾಯಿಗೆ ಇನ್ನೂ ಅಗಲ ಇದೆ, ಬೆಳಕು ಅದರ ಮೇಲೆ ಕೂರುತ್ತಿದೆ, ಅಂದರೆ ಮೊಂಡು. ನಿಜವಾಗಿ ಹರಿತವಾದ ಬಾಯಿ ಕಾಣುವುದೇ ಇಲ್ಲ. ಬರೀ ಕಪ್ಪು ಗೆರೆ. ಬುಡದಿಂದ ತುದಿವರೆಗೆ ಒಂದು ಚುಕ್ಕೆಯೂ ಮಿನುಗದಿದ್ದಾಗ ಮಾತ್ರ ಮುಂದಕ್ಕೆ ಹೋಗಿ.

ಉಪ್ಪುಕಾಗದದ ಮೇಲೇ ಮಸೆದು ಮುಗಿಸಬಹುದಾ ಅಂತ ಕೇಳುವವರಿದ್ದಾರೆ. ಮುಕ್ಕು ತೆಗೆಯಲು ಗಾಜಿನ ಮೇಲೆ ಅಂಟಿಸಿಕೊಂಡು ಬಳಸಬಹುದು. ಕೊನೆಯ ಹರಿತಕ್ಕೆ ಆಗುವುದಿಲ್ಲ, ಕಾಗದ ಮೆತ್ತಗೆ, ಬಾಯಿ ದುಂಡಾಗುತ್ತದೆ.

ತೊಗಲಿನ ಪಟ್ಟಿ

ಪ್ರತಿ ಶೇವಿಗೂ ಮೊದಲು ತೊಗಲಿಗೆ ತೀಡಬೇಕು. ಇದನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ. ದಪ್ಪ ಬಟ್ಟೆಯ ಮೇಲೆ ಇಪ್ಪತ್ತು, ತೊಗಲಿನ ಮೇಲೆ ಐವತ್ತು ಸಲ. ಬೆನ್ನು ಮುಂದೆ, ತಿರುಗಿಸುವಾಗ ಬೆನ್ನಿನ ಮೇಲೇ ಹೊರಳಬೇಕು, ಆ ಯಜಮಾನರು ಅಂಗೈಯಲ್ಲಿ ಮಾಡಿದ ಹಾಗೆ. ಪಟ್ಟಿ ಬಿಗಿಯಾಗಿರಲಿ. ಜೋತುಬಿದ್ದರೆ ನಿಮ್ಮ ಎರಡು ಸಂಜೆಯ ಮಸೆತ ಎರಡು ನಿಮಿಷದಲ್ಲಿ ಮೊಂಡು.

ಹೊಸಬರು ಪಟ್ಟಿಯನ್ನು ಕುಯ್ಯುವುದು ಗ್ಯಾರಂಟಿ. ಅದಕ್ಕೇ ಮೊದಲನೆಯದಕ್ಕೆ ದುಡ್ಡು ಸುರಿಯಬೇಡಿ. ಡಿಸೈನು, ಹೊಲಿಗೆ ಇಲ್ಲದ ಅಪ್ಪಟ ಚರ್ಮದ ಹಳೇ ಬೆಲ್ಟು ಇದ್ದರೆ ಅದನ್ನು ಮರದ ಹಲಗೆಗೆ ಅಂಟಿಸಿಕೊಂಡರೂ ನಡೆಯುತ್ತದೆ. ಮೇಲೆ ಪ್ಲಾಸ್ಟಿಕ್ ಲೇಪನ ಇರುವ ಬೆಲ್ಟು ಕೆಲಸಕ್ಕೆ ಬಾರದು.

ಬೆಂಗಳೂರಿನ ನೀರು, ಬೆಂಗಳೂರಿನ ಮಳೆ

ಒಂದು ಸ್ಥಳೀಯ ಸಂಗತಿ ಹೊರಗಿನವರ ವಿಡಿಯೋದಲ್ಲಿ ಸಿಗುವುದಿಲ್ಲ. ನಿಮ್ಮ ಅಪಾರ್ಟ್‌ಮೆಂಟಿಗೆ ಬರುವುದು ಬೋರ್‌ವೆಲ್ ಗಡಸು ನೀರಾದರೆ ಸೋಪಿನ ನೊರೆ ಏಳುವುದೇ ಇಲ್ಲ, ನೊರೆ ಇಲ್ಲದೆ ಈ ಕತ್ತಿ ಓಡಿಸಿದರೆ ಮುಖ ಉರಿ. ಕಾವೇರಿ ನೀರು ಬರುವ ಮನೆಯಲ್ಲಿ ಅದೇ ಸೋಪು ಮೊಸರಿನ ಹಾಗೆ ಕಟ್ಟುತ್ತದೆ. ಕತ್ತಿ ಸರಿಯಿಲ್ಲ ಅಂತ ಬೈಯುವ ಮೊದಲು ಒಂದು ಲೋಟ ಫಿಲ್ಟರ್ ನೀರಿನಲ್ಲಿ ನೊರೆ ಮಾಡಿ ನೋಡಿ. ಗಡಸು ನೀರು ಅಲಗಿನ ಮೇಲೆ ಒಣಗಿದರೆ ಬಿಳಿ ಕಲೆಯನ್ನೂ ಬಿಡುತ್ತದೆ.

ಮೊದಲ ಸಲ ಕೆನ್ನೆಗಳನ್ನು ಮಾತ್ರ ಮಾಡಿಕೊಳ್ಳಿ. ಚರ್ಮ ಎಳೆದು ಹಿಡಿದು, ಕತ್ತಿಯನ್ನು ಸುಮಾರು 30 ಡಿಗ್ರಿಗೆ ಇಟ್ಟು, ಕೂದಲು ಬೆಳೆದ ದಿಕ್ಕಿಗೇ ಇಳಿಸಿ. ಗದ್ದ, ಮೀಸೆ ಜಾಗ ನಿಮ್ಮ ಮಾಮೂಲಿ ರೇಜರಿಗೆ ಬಿಡಿ. ನಾನು ಮೂರು ವಾರ ಹಾಗೇ ಮಾಡಿದೆ.

ಮುಗಿದ ಮೇಲೆ ಒರೆಸಿ, ಬಿಚ್ಚಿಟ್ಟು ಒಣಗಲು ಬಿಡಿ. ಆಮೇಲೆ ಒಂದು ತೊಟ್ಟು ಮೆಷಿನ್ ಎಣ್ಣೆ. ಕೊಬ್ಬರಿ ಎಣ್ಣೆ ಬೇಡ, ದಿನ ಕಳೆದಂತೆ ಅಂಟಾಗುತ್ತದೆ, ಡಿಸೆಂಬರ್ ಚಳಿಗೆ ಗಟ್ಟಿಯೂ ಆಗುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬಚ್ಚಲುಮನೆಯಲ್ಲಿ ಇಡಲೇಬೇಡಿ. ಚರ್ಮದ ಚೀಲದಲ್ಲೂ ಬೇಡ, ಅದು ತೇವ ಹಿಡಿದಿಡುತ್ತದೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯದೆ ಅದರ ಪಕ್ಕ ಇಡಿ.

ತಾತನ ಕತ್ತಿ ಸದ್ಯ ಅಲಮೇರಾದಲ್ಲಿದೆ. ತುಕ್ಕು ತೆಗೆದಿದ್ದೇನೆ, ಮಸೆದಿಲ್ಲ. ಸಂಡೇ ಬಜಾರಿನ ಎರಡು ಕತ್ತಿ ಮುಗಿದಿವೆ, ಮೂರನೆಯದರ ತುದಿಯಲ್ಲಿ ಇನ್ನೂ ಒಂದು ಚುಕ್ಕೆ ಮಿನುಗುತ್ತಿದೆ.